ಮೊದಲು ಮನೆಯ ಕಾಗದ

ಆಗಸ್ಟ್ ಮುಗಿಯುತ್ತಿದ್ದ ಹಾಗೆ ನನಗೆ ಊರ ಕಡೆಯಿಂದ ಫೋನುಗಳು ಶುರುವಾಗುತ್ತವೆ. ದಾವಣಗೆರೆಯಿಂದ ಒಬ್ಬರು, ಪುತ್ತೂರಿನಿಂದ ಒಬ್ಬರು, ಯಾವುದೋ ಮದುವೆ ಮನೆಯಲ್ಲಿ ನನ್ನ ನಂಬರು ಇಸಿದುಕೊಂಡವರು ಇನ್ನೊಬ್ಬರು. "ಮೇಡಂ, ಮಗನಿಗೆ ಜರ್ಮನಿ ವೀಸಾ ಬಂತು. ಅಕ್ಟೋಬರಿಗೆ ಕ್ಲಾಸು. ಇನ್ನೇನೂ ತೊಂದರೆ ಇಲ್ಲ ತಾನೆ?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಮನೆ ಸಿಕ್ಕಿತಾ? "ಸದ್ಯಕ್ಕೆ ಯಾರದೋ ರೂಮಿನಲ್ಲಿ ಅಡ್ಜಸ್ಟ್ ಮಾಡ್ಕೋತಾನಂತೆ, ಹೋದ ಮೇಲೆ ನೋಡಿದರಾಯ್ತು" ಎಂದರೆ ನನಗೆ ಕಳವಳ ಹತ್ತಿಕೊಳ್ಳುತ್ತದೆ. ಆ ಹುಡುಗನ ಮುಂದಿನ ಆರು ತಿಂಗಳ ನೆಮ್ಮದಿ ನಿಂತಿರುವುದು ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ಮೇಲಲ್ಲ, ಆ ರೂಮಿನ ಮಾಲೀಕ ಸಹಿ ಹಾಕಿ ಕೊಡಬೇಕಾದ ಒಂದು ಹಾಳೆಯ ಮೇಲೆ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ವಿದೇಶಿಯರಲ್ಲಿ 2022-23ರಿಂದ ಭಾರತೀಯರದೇ ದೊಡ್ಡ ಗುಂಪು. ಅದಕ್ಕೆ ಮೊದಲು ಚೀನೀಯರದಾಗಿತ್ತು. ಬೆಂಗಳೂರಿನಿಂದ ಕೆಲಸದ ಮೇಲೆ ಬರುವವರು ಬೇರೆ. ಹೀಗೆ ಬಂದವರಲ್ಲಿ ಬಹಳ ಮಂದಿ ವೀಸಾ ಸಿಕ್ಕಿದ ಕೂಡಲೇ ಕಾಗದದ ಕೆಲಸ ಮುಗಿಯಿತೆಂದು ತಿಳಿದಿರುತ್ತಾರೆ. ವೀಸಾ ಹೊಸ್ತಿಲು ದಾಟಿಸುತ್ತದೆ, ಅಷ್ಟೇ. ಎಷ್ಟೋ ವೀಸಾಗಳ ಆಯುಷ್ಯ ಮೂರು ತಿಂಗಳು, ಆರು ತಿಂಗಳು. ಕೆಲವಕ್ಕೆ ಒಂದು ವರ್ಷ. ಅದು ತೀರುವುದರೊಳಗೆ ಇಲ್ಲಿಯ ವಿದೇಶೀಯರ ಕಚೇರಿಗೆ ಅರ್ಜಿ ಹಾಕಿ ವಾಸದ ಕಾರ್ಡ್ ಪಡೆಯಬೇಕು. ಜರ್ಮನ್ ಭಾಷೆಯಲ್ಲಿ ಅದರ ಹೆಸರು 'ಔಫೆಂಟ್‌ಹಾಲ್ಟ್ಸ್‌ಟೀಟಲ್'. ಮೊದಲೆಲ್ಲ ಪಾಸ್‌ಪೋರ್ಟಿನ ಒಳಗೇ ಚೀಟಿ ಅಂಟಿಸಿ ಕೊಡುತ್ತಿದ್ದರು. 2011ರ ಸೆಪ್ಟೆಂಬರ್ 1ರಿಂದ ಚಿಪ್ ಇರುವ ಕಾರ್ಡ್ ಬಂತು. ಬ್ಯಾಂಕು, ಕೆಲಸ, ಊರಿಗೆ ಹೋಗಿ ವಾಪಸು ಬರುವ ವಿಮಾನ, ಎಲ್ಲ ಕಡೆಯೂ ನಿಮ್ಮ ಪರವಾಗಿ ಮಾತಾಡುವುದು ಅದೇ.

ಕಾರ್ಡಿಗೆ ಅರ್ಜಿ ಹಾಕಲು ಮೊದಲು ನಗರದಲ್ಲಿ ವಿಳಾಸ ನೋಂದಾಯಿಸಿರಬೇಕು. ಅದಕ್ಕೆ 'ಅನ್‌ಮೆಲ್ಡುಂಗ್' ಎನ್ನುತ್ತಾರೆ. ಹೊಸ ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಮಾಡಿಸಬೇಕೆಂದು ಕಾನೂನು. ಇದು ಜರ್ಮನರಿಗೂ ಒಂದೇ, ನಮಗೂ ಒಂದೇ. ನೋಂದಣಿಗೆ ಹೋದಾಗ ಬಾಡಿಗೆ ಕರಾರು ಪತ್ರ ತೋರಿಸಿದರೆ ಸಾಲದು. ಇಂಥವರು ಇಂಥ ದಿನ ನನ್ನ ಮನೆಗೆ ವಾಸಕ್ಕೆ ಬಂದರು ಎಂದು ಮನೆ ಕೊಟ್ಟವರು ಬರೆದ ದೃಢೀಕರಣ ಬೇಕು. 'ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್' ಎಂಬ, ಮೊದಲ ಸಲ ಕೇಳಿದವರಿಗೆ ಉಸಿರು ಕಟ್ಟಿಸುವ ಹೆಸರಿನ ಈ ಹಾಳೆ 2015ರ ನವೆಂಬರ್ 1ರಿಂದ ಕಡ್ಡಾಯ. ನಾನು ಮನೆಯ ಕಾಗದ ಎನ್ನುವುದು ಇದಕ್ಕೇ. ಮನೆ ಮಾಲೀಕರೇ ಕೊಡಬೇಕೆಂದಿಲ್ಲ, ಇಡೀ ಮನೆಯನ್ನು ಬಾಡಿಗೆಗೆ ಹಿಡಿದು ಒಂದು ಕೋಣೆಯನ್ನು ನಿಮಗೆ ಬಿಟ್ಟುಕೊಟ್ಟ ಮೂಲ ಬಾಡಿಗೆದಾರರೂ ಕೊಡಬಹುದು. ಆದರೆ ಯಾರಾದರೊಬ್ಬರು ಕೊಡಲೇಬೇಕು.

ನಾನು ಬಂದ ವರ್ಷ ಮೊದಲು ಹಿಡಿದ ಕೋಣೆಯ ಒಡತಿ ಕೀಲಿ ಕೊಡುವಾಗ ಹೇಳಿದ್ದರು: "ಇರು, ಆದರೆ ನೋಂದಣಿ ಗೀಂದಣಿ ಬೇಡ." ಬಾಡಿಗೆ ಕಡಿಮೆ ಇತ್ತು, ಹೂಂ ಅಂದೆ. ಆಮೇಲೆ ಶುರುವಾಯಿತು. ನೋಂದಣಿ ಇಲ್ಲದ್ದಕ್ಕೆ ಮೂಲೆಯ ಬ್ಯಾಂಕಿನಲ್ಲಿ ಖಾತೆ ಕೊಡಲಿಲ್ಲ. ಖಾತೆ ಇಲ್ಲ, ಸಂಬಳದ ಚೀಟಿ ಇಲ್ಲ ಅಂತ ಬೇರೆಯವರು ಮನೆ ಕೊಡಲಿಲ್ಲ. ಬೇರೆ ಮನೆ ಸಿಗದೆ ನೋಂದಣಿ ಆಗುವಂತಿರಲಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತಿನ ಅರ್ಥ ಪೂರ್ತಿಯಾಗಿ ತಿಳಿದದ್ದು ಆಗಲೇ. ನಲವತ್ತು ದಿನ ಹಾಗೇ ಹೋಯಿತು. ವೀಸಾದ ಆಯುಷ್ಯದಲ್ಲಿ ಆ ನಲವತ್ತು ದಿನವನ್ನು ಯಾರೂ ವಾಪಸು ಕೊಡುವುದಿಲ್ಲ. ಆದ್ದರಿಂದ ಕೋಣೆ ನೋಡುವಾಗ ಹೀಟರ್ ಇದೆಯಾ, ಅಡುಗೆ ಮಾಡಬಹುದಾ ಎಂದು ಕೇಳುವ ಮೊದಲು ಈ ಕಾಗದ ಕೊಡುತ್ತೀರಾ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಐವತ್ತು ಯೂರೊ ಹೆಚ್ಚಾದರೂ ಬೇರೆ ಕಡೆ ಹೋಗಿ.

ಈ ಇಕ್ಕಟ್ಟನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ವಾಸ ಎಲ್ಲಾದರೂ ಮಾಡಿಕೊಳ್ಳಿ, ದುಡ್ಡು ಕೊಟ್ಟರೆ ವಿಳಾಸ ಕೊಡುತ್ತೇವೆ ಎನ್ನುವವರು. ಹಾಗೆ ಸುಳ್ಳು ವಿಳಾಸ ಒದಗಿಸಿದವರಿಗೆ 50,000 ಯೂರೊವರೆಗೆ ದಂಡ ಹಾಕಲು ಅವಕಾಶವಿದೆ. ಸುಳ್ಳು ನೋಂದಣಿ ಮಾಡಿಸಿಕೊಂಡವರೂ ತಪ್ಪಿತಸ್ಥರೇ. ಇದಕ್ಕಿಂತ ಕ್ರೂರವಾದದ್ದು, ಇಲ್ಲದ ಮನೆಯ ಚಂದದ ಫೋಟೋ ತೋರಿಸಿ, ಇನ್ನೂ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರುವ ಹುಡುಗರಿಂದ ಮುಂಗಡ ಹಾಕಿಸಿಕೊಂಡು ಮಾಯವಾಗುವುದು. ಮನೆಯನ್ನು ಕಣ್ಣಾರೆ ನೋಡದೆ, ಅಥವಾ ನಂಬಿಕಸ್ಥರೊಬ್ಬರು ಹೋಗಿ ನೋಡದೆ ಹಣ ಕಳಿಸಬೇಡಿ. ಈ ವಿಷಯದಲ್ಲಿ ನಾನು ತಂದೆ ತಾಯಿಯರ ಹತ್ತಿರ ಗಟ್ಟಿಯಾಗಿಯೇ ಮಾತಾಡುತ್ತೇನೆ.

ನೋಂದಣಿಯ ಅರ್ಜಿಯಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆಯೂ ಇರುತ್ತದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಂಧುಗಳು ಇದನ್ನು ತಿಳಿದಿರಬೇಕು. ಕ್ಯಾಥಲಿಕ್ ಅಥವಾ ಪ್ರಾಟೆಸ್ಟಂಟ್ ಸಭೆಯ ಸದಸ್ಯರೆಂದು ದಾಖಲಾದರೆ ಸಂಬಳದಲ್ಲಿ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬವೇರಿಯಾ, ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8, ಉಳಿದ ಕಡೆ ಶೇ. 9. ಇದು ಇಡೀ ಆದಾಯದ ಮೇಲಲ್ಲ, ಕಟ್ಟುವ ಆದಾಯ ತೆರಿಗೆಯ ಮೇಲೆ. ಮನಸ್ಸಿನಿಂದ ಕೊಡುವವರು ಕೊಡಲಿ, ಅದು ಅವರ ಶ್ರದ್ಧೆ. ಆದರೆ ಮೊದಲ ಸಂಬಳದ ಚೀಟಿ ನೋಡಿ ಗಾಬರಿಪಡುವ ಪ್ರಸಂಗ ಬರಬಾರದು.

ನೋಂದಣಿಯಾದ ಸಂಜೆಯೇ ಮಾಡಬೇಕಾದ ಇನ್ನೊಂದು ಕೆಲಸ ಇದೆ. ತೀರಾ ಚಿಕ್ಕದು, ಹಾಗಾಗಿಯೇ ಯಾರೂ ಹೇಳಿಕೊಡುವುದಿಲ್ಲ. ಕೆಳಗಡೆಯ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಬೇಕು. ಇಲ್ಲಿಯ ವಠಾರಗಳಲ್ಲಿ 'ಎರಡನೇ ಮಹಡಿ, 204' ಎಂಬ ಲೆಕ್ಕ ಸಾಮಾನ್ಯವಾಗಿ ಇಲ್ಲ. ಅಂಚೆಯವರು ಬೀದಿ, ಮನೆ ಸಂಖ್ಯೆ ನೋಡಿ ಬಂದು, ಪೆಟ್ಟಿಗೆಗಳ ಸಾಲಿನಲ್ಲಿ ಹೆಸರು ಹುಡುಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸು. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ, ಬ್ಯಾಂಕಿನ ಕಾರ್ಡು, ಆರೋಗ್ಯ ವಿಮೆಯ ಕಾರ್ಡು, ಎಲ್ಲವೂ ಬರುವುದು ಅಂಚೆಯಲ್ಲಿ. ಆಧಾರ್ ಒಟಿಪಿಗೆ ಹೊಂದಿಕೊಂಡ ನಮ್ಮ ಮಕ್ಕಳಿಗೆ ಇಷ್ಟು ಮುಂದುವರಿದ ದೇಶ ಇನ್ನೂ ಅಂಚೆಯಣ್ಣನನ್ನು ನಂಬಿಕೊಂಡಿರುವುದು ಆಶ್ಚರ್ಯವೆನಿಸುತ್ತದೆ. ನನಗಂತೂ ಈಗ ಅದು ಇಷ್ಟವೇ ಆಗಿದೆ.

ಆದರೆ ಪೆಟ್ಟಿಗೆಯ ಮೇಲೆ ಯಾವ ಹೆಸರು? ಕರ್ನಾಟಕದವರ ನಿಜವಾದ ತೊಡಕು ಇಲ್ಲಿದೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಪಾಟೀಲ, ಹಿರೇಮಠ, ಕುಲಕರ್ಣಿ ಎಂದು ಅಡ್ಡಹೆಸರು ಇರುತ್ತದೆ, ಅವರಿಗೆ ಕಷ್ಟ ಕಡಿಮೆ. ಹಳೇ ಮೈಸೂರು, ಮಲೆನಾಡಿನ ನಮಗೆ ಇರುವುದು ಇನಿಷಿಯಲ್. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆಗ ಸರ್‌ನೇಮ್ ಎಂಬ ಸಾಲಿನಲ್ಲಿ ಒಬ್ಬರು ಅಪ್ಪನ ಹೆಸರು ಬರೆಯುತ್ತಾರೆ, ಒಬ್ಬರು ಊರ ಹೆಸರು, ಇನ್ನೊಬ್ಬರು ಎಲ್ಲವನ್ನೂ ಗಿವನ್ ನೇಮ್‌ನಲ್ಲೇ ತುಂಬಿ ಸರ್‌ನೇಮ್ ಖಾಲಿ ಬಿಡುತ್ತಾರೆ. ಸೈಬರ್ ಕೆಫೆಯ ಹುಡುಗ ಆ ದಿನ ಹೇಗೆ ಟೈಪ್ ಮಾಡಿದನೋ ಹಾಗೆ.

ಆ ಟೈಪು ಇಲ್ಲಿ ನಿಮ್ಮ ಹಣೆಬರಹವಾಗುತ್ತದೆ. ಜರ್ಮನಿಯ ಕಚೇರಿಗೆ ಕುಟುಂಬದ ಹೆಸರು ಮುಖ್ಯ, ಕರೆಯುವುದೂ ಅದರಿಂದಲೇ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಹೀಗಾಗಿ ಬಂದ ಮೊದಲ ದಿನದಿಂದ ನಾನು 'ಫ್ರಾವ್ ತಿಮ್ಮಪ್ಪ', ಎಂದರೆ ಶ್ರೀಮತಿ ತಿಮ್ಮಪ್ಪ. ವೈದ್ಯರ ಕೋಣೆಯ ಹೊರಗೆ ಕಾಯುವಾಗ, ಗ್ರಂಥಾಲಯದಲ್ಲಿ, ಕಚೇರಿಯ ಮೈಕಿನಲ್ಲಿ ಅಪ್ಪನ ಹೆಸರನ್ನು ಕೂಗಿದರೆ ನಾನು ಎದ್ದು ನಿಲ್ಲುತ್ತೇನೆ. ಗಂಡನಿಗೆ ಅವರಪ್ಪನ ಹೆಸರು, ಮಗಳಿಗೆ ಅವಳಪ್ಪನ ಹೆಸರು. ಒಂದೇ ಮನೆ, ಒಂದೇ ಅಂಚೆಪೆಟ್ಟಿಗೆ, ಮೂರು ಕುಟುಂಬದ ಹೆಸರು. ಮೂರನ್ನೂ ಬರೆದು ಅಂಟಿಸಿದ್ದೇವೆ. ಇದರಿಂದ ತೊಂದರೆಯೇನೂ ಆಗಿಲ್ಲ. ಮಗಳ ಜೊತೆ ಪ್ರಯಾಣ ಮಾಡುವಾಗ ಅವಳ ಜನನ ಪ್ರಮಾಣಪತ್ರ ಚೀಲದಲ್ಲಿರುತ್ತದೆ, ಅಷ್ಟೇ.

ಸರ್‌ನೇಮ್ ಖಾಲಿ ಇರುವವರಿಗೆ ಮಾತ್ರ ನನ್ನದು ಬಲವಾದ ಸಲಹೆ: ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳಿ. ವಿಶ್ವವಿದ್ಯಾಲಯದಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಒಂದು ಥರ, ವಿಮೆಯಲ್ಲಿ ಇನ್ನೊಂದು ಥರ ಹೆಸರು ಕುಳಿತುಬಿಟ್ಟರೆ ಅವನ್ನೆಲ್ಲ ಒಂದು ದಾರಿಗೆ ತರಲು ವರ್ಷ ಹಿಡಿಯುತ್ತದೆ. ಇದು ಜರ್ಮನಿಯದಷ್ಟೇ ಕಥೆಯೂ ಅಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಸಂದರ್ಶಕರ ವೀಸಾದಲ್ಲಿ ಪ್ರವೇಶವಿಲ್ಲ ಎಂದು 2022ರ ನವೆಂಬರಿನಲ್ಲಿ ಯುಎಇ ಹೇಳಿದಾಗ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟ್ ತೆಗೆದು ನೋಡಿರಬೇಕು. ಹುಟ್ಟಿದೂರಿನ ಹೆಸರನ್ನೂ ನೋಡಿಕೊಳ್ಳಿ. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಅದಕ್ಕೆ ಮೊದಲಿನ ಪಾಸ್‌ಪೋರ್ಟಿನಲ್ಲಿ ಶಿಮೋಗಾ ಎಂದಿದ್ದರೆ ಆಮೇಲಿನ ಪ್ರಮಾಣಪತ್ರದಲ್ಲಿ ಶಿವಮೊಗ್ಗ ಎಂದಿರುತ್ತದೆ. ಕೌಂಟರಿನಲ್ಲಿ ಕೂತವರಿಗೆ ಅವು ಎರಡು ಬೇರೆ ಊರು.

ಇನ್ನು ಅರ್ಜಿ. ನೋಂದಣಿ ಪತ್ರ, ಪಾಸ್‌ಪೋರ್ಟ್, ಬಾಡಿಗೆ ಕರಾರು, ಆರೋಗ್ಯ ವಿಮೆ, ಓದುವವರಾದರೆ ಪ್ರವೇಶ ಪತ್ರ, ದುಡಿಯುವವರಾದರೆ ಕೆಲಸದ ಒಪ್ಪಂದ. ವಿಮೆ ಎಂದರೆ ಊರಲ್ಲಿ ವೀಸಾಕ್ಕೆಂದು ಮಾಡಿಸಿದ ಪ್ರವಾಸದ ವಿಮೆ ನಡೆಯುವುದಿಲ್ಲ, ಇಲ್ಲಿಯ ಪೂರ್ಣ ವಿಮೆಯೇ ಆಗಬೇಕು. ವಿದ್ಯಾರ್ಥಿಗಳು ಬದುಕಲು ಹಣವಿದೆ ಎಂದು ತೋರಿಸಲು ನಿರ್ಬಂಧಿತ ಖಾತೆಯಲ್ಲಿ (ಬ್ಲಾಕ್ಡ್ ಅಕೌಂಟ್) ಮೊದಲೇ ದುಡ್ಡಿಡುತ್ತಾರೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ ವರ್ಷಕ್ಕೆ 11,904 ಯೂರೊ ಆಯಿತು. ತಿಂಗಳಿಗೆ 992ರಂತೆ ಅದು ಬಿಡುಗಡೆಯಾಗುತ್ತದೆ. ಕಾರ್ಡ್ ನವೀಕರಣದ ಹೊತ್ತಿಗೆ ಮತ್ತೆ ಹಣ ತೋರಿಸಬೇಕು ಎಂಬುದನ್ನು ಮನೆಯವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಸಾಲ ಮಾಡಿ ಮೊದಲ ವರ್ಷದ್ದನ್ನು ಕಟ್ಟಿ, ಎರಡನೇ ವರ್ಷಕ್ಕೆ ಹೊಲದ ಮೇಲೆ ಕಣ್ಣಿಡುವ ಸ್ಥಿತಿ ಬರಬಾರದು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಆದರೆ ಮಗ ದುಡಿದು ನೋಡಿಕೊಳ್ಳುತ್ತಾನೆ ಎಂಬ ಒಂದೇ ಭರವಸೆಯ ಮೇಲೆ ಲೆಕ್ಕ ಹಾಕಬೇಡಿ.

ಮೊದಲ ಕಾರ್ಡಿಗೆ ಶುಲ್ಕ 100 ಯೂರೊ, ಅವಧಿ ವಿಸ್ತರಣೆಗೆ 93. ಕಚೇರಿಯಲ್ಲಿ ಎರಡು ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ, ಆರು ವರ್ಷ ತುಂಬಿದ ಮಕ್ಕಳದೂ ಸೇರಿ. ಗಾಂಧಿಬಜಾರಿನ ಸ್ಟುಡಿಯೋದಲ್ಲಿ ಡಜನುಗಟ್ಟಲೆ ಫೋಟೋ ತೆಗೆಸಿ ತಂದರೆ ಕಾರ್ಡಿಗೆ ಪ್ರಯೋಜನವಿಲ್ಲ. 2025ರ ಮೇ 1ರಿಂದ ಡಿಜಿಟಲ್ ಫೋಟೋಗೆ ಬದಲಾಗಿದ್ದಾರೆ. ಕಚೇರಿಯ ಯಂತ್ರದಲ್ಲೇ 6 ಯೂರೊ ಕೊಟ್ಟು ತೆಗೆಸಬೇಕು, ಇಲ್ಲವೆ ಅನುಮತಿ ಇರುವ ಫೋಟೋ ಅಂಗಡಿಯವರು ನೇರವಾಗಿ ಸರ್ಕಾರಕ್ಕೆ ಕಳಿಸುತ್ತಾರೆ. ಸಹಿ ಹಾಕುವ ಮೊದಲು ಅವರು ತೋರಿಸುವ ವಿವರಗಳನ್ನು ಅಕ್ಷರ ಅಕ್ಷರ ಓದಿ. ಕಾರ್ಡ್ ಅಚ್ಚಾಗುವುದು ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ. ಅಲ್ಲಿಗೆ ಹೋದ ತಪ್ಪನ್ನು ವಾಪಸು ಕರೆಯುವುದು ಕಷ್ಟ.

ಇಷ್ಟಕ್ಕೂ ಮೊದಲು ಸಿಗಬೇಕಾದದ್ದು 'ಟೆರ್ಮಿನ್'. ಮುಂಗಡ ಸಮಯ ಎಂದು ಇದರ ಅರ್ಥ. ಇಲ್ಲಿಯ ಕನ್ನಡಿಗರು ಮನೆಮಾತಿನಲ್ಲೂ ಟೆರ್ಮಿನ್ ಸಿಕ್ತಾ, ಟೆರ್ಮಿನ್ ಹೋಯ್ತು ಎಂದೇ ಹೇಳುತ್ತಾರೆ. ದೊಡ್ಡ ನಗರಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸಿಗುವುದಿಲ್ಲ. ವೀಸಾ ತೀರುವುದು ಮಾರ್ಚ್‌ನಲ್ಲಿ, ಟೆರ್ಮಿನ್ ಇರುವುದು ಮೇ ತಿಂಗಳಲ್ಲಿ. ನಡುವಿನ ಎರಡು ತಿಂಗಳು ನೀವು ಯಾರು?

ಜರ್ಮನಿಯ ವಾಸ ಕಾನೂನಿನ 81ನೇ ಕಲಂ ಇದಕ್ಕೆ ಉತ್ತರ ಹೇಳುತ್ತದೆ. ಹಳೆಯ ಪರವಾನಗಿ ತೀರುವ ಮೊದಲೇ ಅರ್ಜಿ ಸಲ್ಲಿಸಿದ್ದರೆ, ಕಚೇರಿ ತೀರ್ಮಾನ ಹೇಳುವ ತನಕ ಆ ಪರವಾನಗಿ ಮುಂದುವರಿದಿದೆ ಎಂದೇ ಭಾವಿಸಬೇಕು. ಓದು, ಕೆಲಸ ಎಲ್ಲ ಮೊದಲಿನಂತೆ. ಹಾಗೆಂದು ಬರೆದು ಕೊಡುವ ಪತ್ರದ ಹೆಸರು 'ಫಿಕ್ಸಿಯೋನ್ಸ್‌ಬೆಶೈನಿಗುಂಗ್'. ಆ ಪದದೊಳಗೆ ಫಿಕ್ಷನ್ ಇದೆ, ಕಲ್ಪನೆ. ಇಲ್ಲದ ಪರವಾನಗಿಯನ್ನು ಇದೆ ಎಂದು ಕಾನೂನು ಕಲ್ಪಿಸಿಕೊಳ್ಳುತ್ತದೆ. ಈ ಕಲ್ಪನೆಯ ಬೆಲೆ 13 ಯೂರೊ. ನಾನು ಓದಿದ ಯಾವ ಕಥೆ ಕಾದಂಬರಿಯೂ ನನಗೆ ಈ ಹಾಳೆಯಷ್ಟು ಉಪಕಾರ ಮಾಡಿಲ್ಲ.

ನಾನು ಬಂದ ವರ್ಷ ನನ್ನ ವೀಸಾ ಮುಗಿದು ಮೂರು ವಾರವಾಗಿತ್ತು, ಟೆರ್ಮಿನ್‌ಗೆ ಇನ್ನೂ ಐದು ವಾರವಿತ್ತು. ಬೆಳಗಿನ ಜಾವ ತಮ್ಮ ಫೋನ್ ಮಾಡಿ, ಅಪ್ಪನಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಹೊರಟರೆ ವಾಪಸು ಬರಲು ನನ್ನ ಹತ್ತಿರ ಒಂದೂ ಕಾಗದವಿರಲಿಲ್ಲ. ಆದರೆ ವೀಸಾ ಮುಗಿಯುವ ಒಂಬತ್ತು ದಿನ ಮೊದಲು ತುಂಬಿದ ಅರ್ಜಿಯನ್ನು, ಎಲ್ಲ ದಾಖಲೆಗಳ ಜೊತೆ, ಕಚೇರಿಗೆ ಇಮೇಲ್ ಮಾಡಿದ್ದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬಲವಂತ ಮಾಡಿ ಕಳಿಸಿದ್ದರು. "ಟೆರ್ಮಿನ್ ಬುಕ್ ಮಾಡಿದರೆ ಅರ್ಜಿ ಹಾಕಿದಂತಲ್ಲ, ತಿಳಿದಿರಲಿ" ಎಂದಿದ್ದರು. ಆ ಇಮೇಲಿನ ಪ್ರತಿ, ಆಸ್ಪತ್ರೆಯ ಪತ್ರದ ಫೋಟೋ ಹಿಡಿದುಕೊಂಡು ಬೆಳಿಗ್ಗೆ ಆರಕ್ಕೆ ಚಳಿಯಲ್ಲಿ ಬಾಗಿಲ ಮುಂದೆ ನಿಂತೆ. ಹತ್ತು ಗಂಟೆಗೆ ಒಳಗೆ ಕರೆದ ಹೆಂಗಸು ಇಮೇಲಿನ ದಿನಾಂಕವನ್ನು ಎರಡು ಸಲ ನೋಡಿದರು. "ಫ್ರಾವ್ ತಿಮ್ಮಪ್ಪ, ನೀವು ಸಮಯಕ್ಕೆ ಸರಿಯಾಗಿ ಹಾಕಿದ್ದೀರಿ" ಎಂದರು. ಇಪ್ಪತ್ತು ನಿಮಿಷದಲ್ಲಿ ಪತ್ರ ನನ್ನ ಕೈಯಲ್ಲಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದವರ ಹೆಸರನ್ನೇ ಆಕೆ ಕರೆದದ್ದು ಎಂದು ಆಕೆಗೆ ಹೇಗೆ ತಿಳಿಯಬೇಕು. ನಾನು ಅಲ್ಲೇ ಅತ್ತುಬಿಟ್ಟೆ.

ಆ ಪತ್ರದಲ್ಲಿ 81ನೇ ಕಲಮಿನ ನಾಲ್ಕನೇ ಉಪಕಲಮಿಗೆ ಗುರುತು ಹಾಕಿದೆಯೇ ನೋಡಿಕೊಳ್ಳಬೇಕು. ಹಾಕಿದ್ದರೆ ಪಾಸ್‌ಪೋರ್ಟಿನ ಜೊತೆ ಅದನ್ನು ತೋರಿಸಿ ಜರ್ಮನಿಗೆ ವಾಪಸು ಬರಬಹುದು. ಉಳಿದ ಗುರುತುಗಳಿಗೆ ಆ ಬಲವಿಲ್ಲ. ನಾಲ್ಕನೆಯದಾಗಿದ್ದರೂ ಬೇರೆ ದೇಶದಲ್ಲಿ ಇಳಿದು ಹತ್ತುವ ಟಿಕೆಟ್ ಬೇಡ. ಜರ್ಮನಿಗೇ ನೇರ ಬರುವ ವಿಮಾನ ಹಿಡಿಯಿರಿ. ಬೆಂಗಳೂರಿನ ಚೆಕ್‌ಇನ್ ಕೌಂಟರಿನಲ್ಲಿ ಈ ಹಾಳೆಯನ್ನು ಎಂದೂ ಕಾಣದವರು ಇರಬಹುದು, ಒಂದು ಗಂಟೆ ಮುಂಚೆಯೇ ಹೋಗಿ.

ಅಪ್ಪ ಗುಣವಾದರು. ನನ್ನ ಕಾರ್ಡ್ ಬಂದದ್ದು ಅದಾದ ಮೂರು ತಿಂಗಳಿಗೆ, ಅದರ ಪಿನ್ ಬೇರೆ ಲಕೋಟೆಯಲ್ಲಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಕನ್ನಡಕ ಹಾಕಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಕುಟುಂಬದ ಹೆಸರು ಮೇಲೆ, ಸ್ವಂತ ಹೆಸರು ಕೆಳಗೆ ಇರುತ್ತದೆ. "ನಂದು ಮೇಲೈತಲ್ಲೇ" ಎಂದರು. ಹಿಂದುಗಡೆ ಎತ್ತರ, ಕಣ್ಣಿನ ಬಣ್ಣ, ವಿಳಾಸ. ಅದನ್ನೂ ಓದಿಸಿಕೊಂಡರು.

ಕಾರ್ಡ್ ಸಿಕ್ಕಿದ ಮೇಲೂ ಎರಡು ಮಾತು ನೆನಪಿಡಬೇಕು. ಮನೆ ಬದಲಾಯಿಸಿದರೆ ಮತ್ತೆ ಎರಡು ವಾರದೊಳಗೆ ನೋಂದಣಿ, ಕಾರ್ಡಿನ ಹಿಂದೆ ಹೊಸ ವಿಳಾಸದ ಚೀಟಿ. ಇನ್ನೊಂದು ವಯಸ್ಸಾದ ತಂದೆ ತಾಯಿ ಇರುವ ನಮ್ಮಂಥವರಿಗೆ ಬಹಳ ಮುಖ್ಯ: ಆರು ತಿಂಗಳು ಮೀರಿ ಜರ್ಮನಿಯ ಹೊರಗಿದ್ದರೆ ಸಾಮಾನ್ಯ ವಾಸ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. ಕಾರ್ಡಿನ ಮೇಲೆ ಇನ್ನೂ ಎರಡು ವರ್ಷ ಎಂದು ಅಚ್ಚಾಗಿದ್ದರೂ ಸರಿ. ಕುಶಲ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಇರುವವರಿಗೆ ಹನ್ನೆರಡು ತಿಂಗಳ ಅವಕಾಶವಿದೆ. ಅಮ್ಮನ ಆರೈಕೆಗೆಂದೋ ಮತ್ತೊಂದಕ್ಕೆಂದೋ ಹೆಚ್ಚು ಕಾಲ ನಿಲ್ಲಬೇಕಾಗಬಹುದು ಎನಿಸಿದರೆ, ಹೊರಡುವ ಮೊದಲೇ ಕಚೇರಿಗೆ ಬರೆದು, ಇಂಥ ದಿನಾಂಕದವರೆಗೆ ಹೊರಗಿರಬಹುದು ಎಂಬ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕೇಳಿದ ಇಮೇಲಿನ ಪ್ರತಿಯೂ ಜೊತೆಯಲ್ಲಿರಲಿ, ದಿನಾಂಕ ಕಾಣುವ ಹಾಗೆ.